ಐದನೆಯ ಕುಳಿ

ಬಂಡೆಗೆ ಮದ್ದು ಇಟ್ಟು ಬಾವಿ ತೋಡುವ ಕ್ರಮವನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಿಕೆಯನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಯಾರೂ ಹೇಳದೆಯೇ ಕೈಗೆತ್ತಿಕೊಂಡೆ. ಆಗ ನಾನು ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮಹಾರಾಜರ ಆಳ್ವಿಕೆಯ ಕಾಲ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಪುಸ್ತಿಕೆಯನ್ನು ಕೊಟ್ಟವನು ಓವರ್‌ಸಿಯರ್ ಆಗಿದ್ದ ನನ್ನ ಹಳೆಯ ಸಹಪಾಠಿ. ಮದ್ದಿನ ಹತ್ತಿರ ಕೆಲಸ ಮಾಡುವವರು ಜೀವ ಉಳಿಸಿಕೊಳ್ಳಬೇಕಾದ ಬಗೆಯೆಲ್ಲ ಅದರಲ್ಲಿ ಕ್ರಮವಾಗಿ ಅಚ್ಚಾಗಿತ್ತು. ಆದರೆ ನಮ್ಮ ಕಡೆ ಮದ್ದು ಇಡುವವರಲ್ಲಿ ಒಬ್ಬನಿಗೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಇಂಗ್ಲಿಷ್ ಓದಬಲ್ಲವರಲ್ಲಿ ಒಬ್ಬನೂ ಮದ್ದು ಇಡುತ್ತಿರಲಿಲ್ಲ. ಇದನ್ನು ಒಂದು ಅನ್ಯಾಯವೆಂದು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಆ ನೋಟುಬುಕ್ಕು ಬೆಂಗಳೂರಿನಲ್ಲಿ ಓದುವಾಗ ಅಂಟಿಕೊಂಡ ಅಭ್ಯಾಸ. ಕಣ್ಣಿಗೆ ಬಿದ್ದ ಅನ್ಯಾಯವನ್ನು ಅಂದೇ ಬರೆದಿಡಬೇಕು, ಬರೆದಿಟ್ಟದ್ದನ್ನು ಹತ್ತು ಜನರ ಮುಂದೆ ಓದಬೇಕು ಎಂದು ನಮಗೆ ಕಲಿಸಿದ್ದರು. ನಾನು ಹಾಗೆಯೇ ಮಾಡುತ್ತಿದ್ದೆ. ಮದುವೆಮನೆಯಲ್ಲಿ ಪಂಕ್ತಿಭೇದ ಕಂಡರೆ ಬರೆಯುತ್ತಿದ್ದೆ, ಶಾಲೆಯಲ್ಲಿ ಬೇರೆ ಮೂಲೆಯಲ್ಲಿ ಕೂರಿಸಿದ ಮಕ್ಕಳನ್ನು ಕಂಡರೆ ಬರೆಯುತ್ತಿದ್ದೆ, ಹೆಂಡತಿಯನ್ನು ಹೊಡೆದು ಚಾವಡಿಯಲ್ಲಿ ಕುಳಿತು ನಗುವವನನ್ನು ಕಂಡರೂ ಬರೆಯುತ್ತಿದ್ದೆ. ಸಿರಾದಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಶೈವ ಮನೆತನದವರು, ನಾನು ಊರಿಗೆ ಹೋದಾಗಲೆಲ್ಲ, ಪುಸ್ತಕ ಹೊರಗೆ ತೆಗೆಯುವ ಮೊದಲು ಊಟ ಮುಗಿಸಬೇಕೆಂದು ಕೇಳಿಕೊಳ್ಳುತ್ತಿದ್ದರು.

ಅನುವಾದದಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಕ್ರಿಯಾಪದ. ‘ಬರ್ಸ್ಟ್’ ಎಂಬ ಆ ಒಂದೇ ಮಾತು ಪುಸ್ತಿಕೆಯ ಪುಟಪುಟದಲ್ಲೂ ಇತ್ತು. ಶಾಲೆಯಲ್ಲಿ ಅದಕ್ಕೆ ನಾನು ‘ಒಡೆ’ ಎಂದು ಅರ್ಥ ಹೇಳಿಕೊಟ್ಟು ಮುಂದೆ ಹೋಗುತ್ತಿದ್ದೆ. ಹುಡುಗರು ಹಾಗೆಯೇ ಗಟ್ಟು ಹಾಕಿ ಪರೀಕ್ಷೆ ಬರೆಯುತ್ತಿದ್ದರು. ಬರೆಯಲು ಕುಳಿತಾಗ ಒಂದು ಅರ್ಥ ಸಾಲದೆಂದು ತಿಳಿಯಿತು. ಕುರು ಒಡೆಯುತ್ತದೆ, ಕೆರೆಯ ಏರಿಯೂ ಒಡೆಯುತ್ತದೆ, ಸರಿ. ಆದರೆ ಬಿಸಿಲಿಗೆ ಒಣಗಿದ ಹರಳುಕಾಯಿ ಸಿಡಿಯುತ್ತದೆ. ಜ್ವರ ಬಂದವನ ತಲೆಯೂ ಸಿಡಿಯುತ್ತದೆ. ಬೇಸಿಗೆಯ ಕೆರೆಯಂಗಳ ಬಿರಿಯುತ್ತದೆ, ಮಲ್ಲಿಗೆಯ ಮೊಗ್ಗೂ ಬಿರಿಯುತ್ತದೆ, ಹಬ್ಬದ ದಿನ ಹೊಟ್ಟೆ ಬಿರಿಯುವಂತೆ ಉಣ್ಣುತ್ತೇವೆ. ಹುರಿಯುವ ಬಾಣಲೆಯಲ್ಲಿ ರಾಗಿ ಅರಳುತ್ತದೆ. ತೋವಿನಕೆರೆಯ ಒಂದು ಮನೆಯಲ್ಲಿ ನಾನು ಅರಿಯದೆ ‘ರಾಗಿ ಸಿಡಿಯುತ್ತಿದೆ’ ಎಂದುಬಿಟ್ಟೆ. ಒಲೆಯ ಮುಂದಿದ್ದ ಮನೆಯಾಕೆ, “ಸಿಡಿಯಾಕೆ ಅದೇನ್ ಸಾಸಿವೇನಾ ಮೇಷ್ಟ್ರೇ? ಅರಳ್ತೈತೆ ಅನ್ನಿ, ಒಳ್ಳೇ ಮಾತ್ನಾಗೆ” ಎಂದು ತಿದ್ದಿದಳು.

ಹೀಗೆ ನಾನು ಹೋದ ಕಡೆಯಲ್ಲೆಲ್ಲ ಮಾತು ಆಯತೊಡಗಿದೆ. ಸಿರಾದ ಸೈಕಲ್ ಅಂಗಡಿಯ ಸಾಹೇಬರು ಟೈರನ್ನು ಎತ್ತಿ ತೋರಿಸಿ “ಫಟ್ ಗಯಾ” ಎಂದರು. ಮಗನ ಅಂಗಿಯ ತೋಳನ್ನು ತೋರಿಸಿ ಅದನ್ನೇ ಹೇಳಿದರು. ಕೊನೆಗೆ ನನ್ನ ಪ್ರಶ್ನೆಗಳು ಮುಗಿಯದಿದ್ದಾಗ ತಮ್ಮ ತಲೆಯನ್ನು ಮುಟ್ಟಿಕೊಂಡು ಮತ್ತೊಮ್ಮೆ ಅದನ್ನೇ ಹೇಳಿದರು. ಪಾವಗಡದ ಕಡೆ ಎಲ್ಲದಕ್ಕೂ ತೆಲುಗಿನ ‘ಪೇಲಿಂದಿ’. ಕೊರಟಗೆರೆಯಲ್ಲಿ ಗೋಡೆ ಬಾಯಿ ಬಿಡುತ್ತಿತ್ತು. ಎಲ್ಲವನ್ನೂ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಮುಂದಿನ ಪುಟಗಳಲ್ಲಿ ಅನ್ಯಾಯ, ಹಿಂದಿನ ಪುಟಗಳಲ್ಲಿ ಮಾತು.

ಬಂಡೆಗೆ ಮದ್ದು ಇಡುವವರ ಮಾತನ್ನು ಅವರಿಂದಲೇ ಕೇಳಬೇಕೆಂದು ಪುರವರದ ಕಡೆ ಹೋದೆ. ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಪುರವರ ಹೋಬಳಿಯ ಒಂದು ಹಳ್ಳಿಯಲ್ಲಿ, ಗುಡ್ಡಕ್ಕೆ ಎದುರಾಗಿ ಊರ ಹೊರಗಿದ್ದ ಕೇರಿಗೆ ಬಾವಿ ತೋಡಿಸುವ ಕೆಲಸ ನಡೆದಿತ್ತು. ಅದರ ಉಸ್ತುವಾರಿಯನ್ನು ನಾನು ಹೊತ್ತುಕೊಂಡಿದ್ದೆ. ಆ ಕೇರಿಯ ಹೆಂಗಸರು ಊರಬಾವಿಯ ಕಟ್ಟೆಯ ಕೆಳಗೆ ಬಿಂದಿಗೆ ಇಟ್ಟುಕೊಂಡು, ಮೇಲಿನವರು ಯಾರಾದರೂ ಮನಸ್ಸು ಮಾಡಿ ನೀರು ಸುರಿಯುವವರೆಗೂ ನಿಂತಿರಬೇಕಾಗಿತ್ತು. ಒಮ್ಮೆ ನಾನು ಒಂದು ಬೆಳಗ್ಗೆಯೆಲ್ಲ ಅವರ ಜೊತೆ ನಿಂತೆ. ಸೇದುವವರು ನನ್ನನ್ನು ಕಂಡು ಹಗ್ಗ ಬಿಟ್ಟು ಮನೆಗೆ ಹೋದರು; ಅಂದು ಕೇರಿಗೆ ನೀರೇ ಸಿಗಲಿಲ್ಲ. ಆ ಮೇಲೆ ಅಮಲ್ದಾರರಿಗೆ ಅರ್ಜಿಯ ಮೇಲೆ ಅರ್ಜಿ ಬರೆದು ಕೇರಿಗೇ ಒಂದು ಬಾವಿಗೆ ಅನುಮತಿ ತಂದೆ. ಊರಿನವರು ಅಡ್ಡ ಬರಲಿಲ್ಲ. ಕೆಳಗೆ ಬರೀ ಬಂಡೆ, ನೀರಿಲ್ಲ, ಸುಮ್ಮನೆ ಖರ್ಚು ಎಂದು ಅವರೂ ಒಂದು ಅರ್ಜಿ ಬರೆದರು, ಅಷ್ಟೆ.

ಮೂರಾಳು ಆಳಕ್ಕೆ ಇಳಿದಾಗ ಅಡಿಗೆಲ್ಲ ಬಂಡೆ ಸಿಕ್ಕಿದ್ದು ನಿಜ; ಅದರ ಒಂದು ಮಗ್ಗುಲು ಬಾವಿಯ ಅಂಚಿನವರೆಗೂ ಎದ್ದಿತ್ತು. ಆಗ ಬಂದವರು ಪಾವಗಡದ ಕಡೆಯ ಗಂಡ ಹೆಂಡತಿ. ಗಂಡನನ್ನು ಕೇರಿಯವರು ಮದ್ದಿನ ಯಜಮಾನ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಐವತ್ತು ದಾಟಿದ ಒಣಕಲು ಮನುಷ್ಯ, ಎಡಗೈಯ ಕಿರುಬೆರಳು ಇರಲಿಲ್ಲ. ಹೆಂಡತಿ ಅವನಿಗಿಂತ ಗಟ್ಟಿ. ನನ್ನನ್ನು ಮೊದಲ ದಿನ ಇಬ್ಬರೂ ‘ಬುದ್ಧಿ’ ಎಂದು ಕರೆದರು. ಮನುಷ್ಯ ಮನುಷ್ಯನನ್ನು ಹಾಗೆ ಕರೆಯಬಾರದೆಂದು ನಾನು ಹೇಳಿದೆ. ಆತ ಆ ದಿನದಿಂದ ‘ಮೇಷ್ಟ್ರೇ’ ಎಂದ. ಆಕೆ ಅಷ್ಟು ಬೇಗ ಒಪ್ಪಲಿಲ್ಲ, ‘ಸ್ವಾಮಿ’ ಎಂದಳು.

ಅವರು ಕೆಲಸ ಮಾಡುವ ರೀತಿಯನ್ನು ಇಲ್ಲಿ ಹೇಳಬೇಕು. ಉಳಿಯನ್ನು ಒಬ್ಬರು ಹಿಡಿದು ಇನ್ನೊಬ್ಬರು ಸುತ್ತಿಗೆಯಿಂದ ಬಡಿದು ಬಂಡೆಯಲ್ಲಿ ಮೊಳದುದ್ದದ ಕುಳಿಗಳನ್ನು ಕೊರೆಯುತ್ತಿದ್ದರು. ಒಂದೊಂದು ಕುಳಿಗೂ ಕರಿಮದ್ದು ತುಂಬಿ, ಬತ್ತಿ ಇಳಿಬಿಟ್ಟು, ಮೇಲೆ ಜೇಡಿಮಣ್ಣು ಗಿಡಿಯುತ್ತಿದ್ದರು. ಬತ್ತಿಗಳ ಉದ್ದ ಒಂದೇ ಸಮ ಇರುತ್ತಿರಲಿಲ್ಲ. ಎಲ್ಲ ಕುಳಿಗಳೂ ಒಟ್ಟಿಗೆ ಸಿಡಿದರೆ ಎಷ್ಟು ಸಿಡಿದವೆಂದು ತಿಳಿಯುವುದಿಲ್ಲ. ಒಂದಾದ ಮೇಲೆ ಒಂದು ಸಿಡಿಯಬೇಕು. ಬತ್ತಿಗೆ ಬೆಂಕಿ ತಾಗಿಸಿ ಯಜಮಾನ ಕಲ್ಲುಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದ. ಆತನ ಹೆಂಡತಿ ಬಾವಿಯ ಅಂಚಿನಲ್ಲಿ, ಕಲ್ಲಿನ ಗುಡ್ಡೆಯ ಹಿಂದೆ, ತಲೆಯ ಮೇಲೆ ಮಂಕರಿ ಕವುಚಿಕೊಂಡು ಕೂರುತ್ತಿದ್ದಳು. ಬಲಗೈಯನ್ನು ಬರಿಯ ಬಂಡೆಯ ಮೇಲೆ ಅಂಗೈ ಊರಿ ಇಡುತ್ತಿದ್ದಳು. ಎಡಗೈಯಲ್ಲಿ ಕುಳಿಗೊಂದರಂತೆ ಬೆಣಚುಕಲ್ಲುಗಳು. ಒಂದು ಕುಳಿ ಸಿಡಿದರೆ ಒಂದು ಕಲ್ಲನ್ನು ಕೆಳಗೆ ಬಿಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಯಜಮಾನ ಕೇಳುವನು: “ಎನ್ನಿ ಪೇಲಿನಾಯೇ?” ಎಷ್ಟು ಸಿಡಿದವೇ ಎಂದು. ಆಕೆ ಲೆಕ್ಕ ಹೇಳಿದ ಮೇಲೆಯೇ ಆತ ಕೆಳಗೆ ಇಳಿಯುತ್ತಿದ್ದುದು. ಸಿಡಿಯದ ಕುಳಿಯೊಂದು ಒಳಗೆ ಉಳಿದಿದ್ದು, ತಿಳಿಯದೆ ಅದರ ಮೇಲೆ ಹಾರೆ ಹಾಕಿದರೆ ಏನಾಗುವುದೆಂದು ಆತನ ಕಿರುಬೆರಳೇ ಹೇಳುತ್ತಿತ್ತು. ಆ ಸಲ ಲೆಕ್ಕ ಇಟ್ಟವನು ಬೇರೆ ಯಾರೋ.

ನಾನು ಮಾತು ಸಂಗ್ರಹಿಸಲು ಹೋದಾಗ ಉತ್ತರ ಹೇಳಿದವಳು ಹೆಂಡತಿಯೇ. ಗೀಟು ಹಿಡಿದು ಬಂಡೆ ಎರಡಾದರೆ ‘ಒಡೀತು’. ಚಕ್ಕೆ ಹಾರಿ ಮೇಲೆಲ್ಲ ಚೆಲ್ಲಾಡಿದರೆ ‘ಸಿಡೀತು’. ಮದ್ದಿನ ಬಲವೆಲ್ಲ ಕಲ್ಲನ್ನು ಬಿಟ್ಟು ಕುಳಿಯ ಬಾಯಿಯಿಂದ ಮೇಲಕ್ಕೆ ಹೋದರೆ ‘ಹಾರ್ತು’. ಅದು ಕೆಟ್ಟ ಕುಳಿ, ಕಲ್ಲು ಹಾಗೇ ಇರುತ್ತದೆ. ಒಳಗೊಳಗೇ ಬಂಡೆ ಸಡಿಲಗೊಂಡರೆ ‘ಬಿರೀತು’, ಅದಕ್ಕಿಂತ ಒಳ್ಳೆಯದಿಲ್ಲ.

“ಬಿರಿಯಾದು ಕಿವಿಗೆ ಬರಾಕಿಲ್ಲ ಸ್ವಾಮಿ. ಕೈಗೆ ಬರ್ತೈತೆ” ಎಂದಳು.

ಮಾತು ಚೆನ್ನಾಗಿದೆಯೆಂದು ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಚೆನ್ನಾಗಿರುವ ಮಾತೆಂದು ಬರೆದುಕೊಂಡೆನೇ ಹೊರತು ಅದು ನನಗೆ ಹೇಳಿದ ಒಂದು ವಿಷಯವೆಂದು ನಾನು ತಿಳಿಯಲಿಲ್ಲ. ನನ್ನ ಮಟ್ಟಿಗೆ ಅವು ಒಂದು ಇಂಗ್ಲಿಷ್ ಕ್ರಿಯಾಪದದ ನಾಲ್ಕು ಪರ್ಯಾಯಪದಗಳು.

ಅದೇ ದಿನ ಮುಂದಿನ ಪುಟಗಳಲ್ಲಿ ಇನ್ನೊಂದನ್ನೂ ಬರೆದೆ. ಮದ್ದು ಸಿಡಿಯುವ ಜಾಗದಲ್ಲಿ ಒಬ್ಬ ಹೆಂಗಸನ್ನು ಬಿದಿರಿನ ಮಂಕರಿಯ ಕೆಳಗೆ ಕೂರಿಸುವುದು ಅನ್ಯಾಯ. ಪುಸ್ತಿಕೆಯ ನಿಯಮ ಸ್ಪಷ್ಟವಾಗಿತ್ತು: ಉಸ್ತುವಾರಿಯವನನ್ನು ಬಿಟ್ಟು ಉಳಿದವರೆಲ್ಲ ದೂರ ಹೋಗಬೇಕು. ಬಂಡೆಯ ಮೇಲೆ ಕೈ ಊರಿ ಕೂರುವುದು ನನಗೆ ಭೂಮಿತಾಯಿಯ ಪೂಜೆಯಂತೆ ಕಂಡಿತು. ಅದನ್ನು ‘ಮೌಢ್ಯ’ ಎಂಬ ತಲೆಬರಹದ ಕೆಳಗೆ ಸೇರಿಸಿದೆ. ಏಕೆ ಕೈ ಇಡುತ್ತೀಯಮ್ಮಾ ಎಂದು ಕೇಳಲಿಲ್ಲ. ಅನ್ಯಾಯಗಳನ್ನು ಬರೆಯುವವನಿಗೆ ಕೇಳುವ ಅಭ್ಯಾಸ ಕಡಿಮೆಯಾಗಿತ್ತು.

ಮರುದಿನ ನಾನು ಒಂದು ಪೀಪಿ ತಂದೆ, ಡ್ರಿಲ್ ಮೇಷ್ಟರು ಊದುವಂಥದು. ಇನ್ನು ಮೇಲೆ ಪೀಪಿ ಊದಿದ ಕೂಡಲೆ ಎಲ್ಲರೂ ಇನ್ನೂರು ಹೆಜ್ಜೆ ಆಚೆಯ ಹುಣಿಸೆಮರದ ಹತ್ತಿರ ಹೋಗತಕ್ಕದ್ದು. ಕಲ್ಲುಗುಡ್ಡೆಯ ಹಿಂದೆ ನಾನೊಬ್ಬನೇ ನಿಂತು ಕಾಗದದ ಮೇಲೆ ಲೆಕ್ಕ ಇಡತಕ್ಕದ್ದು.

“ಅಮ್ಮಾ, ನೀವೂ ಹೋಗಬೇಕು” ಎಂದೆ.

“ಅಲ್ಲಿ ಓಗಿ ಏನ್ ಮಾಡ್ಲಿ ಸ್ವಾಮಿ? ಉಣ್ಸೇಕಾಯಿ ಎಣಿಸ್ಲಾ?”

ಕೇರಿಯವರು ನಕ್ಕರು. ಯಜಮಾನ ನಗಲಿಲ್ಲ. “ಓಗೇ, ನಿನ್ ಒಳ್ಳೇದಕ್ಕೇ ಏಳ್ತಾವ್ರೆ. ಪುಸ್ತಕದಾಗೆ ಐತಂತೆ” ಎಂದ.

“ಪುಸ್ತಕ ಈ ಬಂಡೆ ನೋಡೈತಾ?”

ಆಕೆ ಮಂಕರಿಯನ್ನು ಎತ್ತಿಕೊಂಡು, ಬೆಣಚುಕಲ್ಲುಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು. ಎರಡು ಮೂರು ದಿನ ಎಲ್ಲವೂ ಸರಿಯಾಗಿ ನಡೆಯಿತು. ನಾನು ಮೂರು ಎಂದು ಬರೆದಾಗ ಮೂರೇ ಸಿಡಿದಿದ್ದವು, ನಾಲ್ಕು ಎಂದಾಗ ನಾಲ್ಕೇ. ಶಾಲೆಯಲ್ಲಿ ಇದನ್ನು ನಾನು ಸುಧಾರಣೆಗೆ ಉದಾಹರಣೆಯಾಗಿ ಹೇಳಿದ್ದೂ ಉಂಟು.

ನಾಲ್ಕನೆಯ ದಿನವೋ ಐದನೆಯ ದಿನವೋ, ಮಾರನೆಯ ಬೆಳಗ್ಗೆ ಅಮಲ್ದಾರರು ಬಾವಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಊರಿನವರ ಅರ್ಜಿಯೂ ಅವರ ಕೈಯಲ್ಲಿತ್ತು. ಬಂಡೆಯ ಒಂದು ಮೂಲೆಯಲ್ಲಿ ಒಂದು ಬಿರುಕು ತೇವವಾಗಿದ್ದದ್ದನ್ನು ಯಜಮಾನ ಎರಡು ದಿನದ ಹಿಂದೆ ತೋರಿಸಿದ್ದ. ಆ ಮೂಲೆಯನ್ನು ಸಡಿಲಿಸಿ ಕಲ್ಲು ತೆಗೆದರೆ ಅಮಲ್ದಾರರಿಗೆ ಒಂದು ಬೊಗಸೆ ನೀರನ್ನಾದರೂ ತೋರಿಸಬಹುದು. ಮಧ್ಯಾಹ್ನದ ಹೊತ್ತಿಗೆ ಐದು ಕುಳಿ ಸಿದ್ಧವಾದವು. ನಾನು ಪೀಪಿ ಊದಿದೆ. ಎಲ್ಲರೂ ಹುಣಿಸೆಮರದ ಕಡೆ ಹೋದರು. ಯಜಮಾನ ಬತ್ತಿಗಳಿಗೆ ಬೆಂಕಿ ಕೊಟ್ಟು, ಮೇಲೆ ಬಂದು, ನನ್ನನ್ನು ದಾಟಿ ಓಡಿದ.

ದುಬ್ ಎಂದು ಒಂದು. ದುಬ್ ಎಂದು ಇನ್ನೊಂದು. ಮೂರನೆಯದೂ ಹಾಗೆಯೇ, ಯಾರೋ ಹೊದಿಕೆಯ ಕೆಳಗೆ ಕೆಮ್ಮಿದಂತೆ. ಆಮೇಲೆ ನಾಲ್ಕನೆಯದು ಫಿರಂಗಿ ಹಾರಿಸಿದ ಹಾಗೆ ಢಮ್ ಎಂದಿತು; ಬಾವಿಯ ಬಾಯಿಂದ ಹೊಗೆ ಕಂಬದಂತೆ ಎದ್ದಿತು. ನಾನು ತಲೆ ತಗ್ಗಿಸಿದೆ. ಅದರ ಹಿಂದೆಯೇ ಇನ್ನೊಂದು ಢಮ್. ಐದು. ಪೆನ್ಸಿಲಿನಿಂದ ಐದನೆಯ ಗೀಟು ಎಳೆದು, ಪಕ್ಕದಲ್ಲಿ ‘೫’ ಎಂದು ಬರೆದು, ಪೀಪಿ ಊದಿದೆ.

ಹೊಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಬಂದರು. ಯಜಮಾನ ಹಾರೆ ಹೆಗಲಿಗಿಟ್ಟುಕೊಂಡು, ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿ, “ಎನ್ನಿ ಪೇಲಿನಾಯೇ?” ಎಂದ.

ಆಕೆ ಎಡಗೈ ಚಾಚಿದಳು. ಅಂಗೈಯಲ್ಲಿ ಒಂದು ಬೆಣಚುಕಲ್ಲು ಇತ್ತು. “ನಾಲುಗೇ. ಒಂದು ನನ್ ಕೈಯಾಗೇ ಉಳ್ಕಂಡೈತೆ” ಎಂದಳು.

“ಐದು” ಎಂದೆ ನಾನು. “ನಾನು ಹತ್ತಿರದಲ್ಲೇ ಇದ್ದೆ. ಬರೆದಿದ್ದೇನೆ, ನೋಡಿ.” ನೋಟುಬುಕ್ಕನ್ನು ತೋರಿಸಿದೆ. ಓದಲು ಬಾರದವರಿಗೆ ಪುಟ ತೋರಿಸುವುದರ ಅರ್ಥವೇನೆಂದು ಆಗ ಯೋಚಿಸಲಿಲ್ಲ. ಅದು ವಾದವಲ್ಲ, ಬಾಯಿ ಮುಚ್ಚಿಸುವ ಉಪಾಯ. ಇದನ್ನೂ ಅನ್ಯಾಯವೆಂದೇ ಇಂದು ಬರೆಯುತ್ತಿದ್ದೇನೆ.

ಯಜಮಾನ ನನ್ನ ಪುಟವನ್ನೂ ಹೆಂಡತಿಯ ಅಂಗೈಯನ್ನೂ ನೋಡಿದ. “ಖಂಡಿತಾ ಏಳ್ತೀಯೇನೇ?” ಎಂದು ಕೇಳಿದ.

“ಅಲ್ಲಿ ಮರದ ಕೆಳಗೆ ಬರೀ ಮಣ್ಣು. ಕೈಗೆ ಏನ್ ಬರ್ತದೆ? ಮರದ ಪಕ್ಕ ಒಂದು ಹಾಸುಗಲ್ಲು ಐತೆ, ಅದರ ಮ್ಯಾಲೆ ಕೈ ಇಟ್ಟಿದ್ದೆ. ನಾಲ್ಕು ಬಂತು. ಖಂಡಿತಾ ಅಂತ ಎಂಗೆ ಏಳ್ಲಿ? ಇಲ್ಲೇ ಕುಂತಿದ್ರೆ ಏಳ್ತಿದ್ದೆ.”

“ಅಂಗಾದ್ರೆ ಬರ್ದವ್ರೆ ಕಣೇ. ಅವ್ರು ಇಲ್ಲೇ ಇದ್ರು, ನೀನು ದೂರ ಇದ್ದೆ.”

“ದೂರ ಕಳ್ಸಿದ್ಯಾರು?”

ಕೇರಿಯ ಹಿರಿಯನೊಬ್ಬ ನಡುವೆ ಬಂದ. ಈ ಬಾವಿಗಾಗಿ ನನ್ನಷ್ಟೇ ಓಡಾಡಿದವನು ಆತ. ಊರಬಾವಿಯ ಕಟ್ಟೆಯ ಕೆಳಗೆ ನಿಂತು ನಿಂತು ಆತನ ಸೊಸೆಗೆ ಒಮ್ಮೆ ತಲೆ ಸುತ್ತಿ ಬಂದಿತ್ತು. “ಇವತ್ತು ಕಲ್ಲು ತಗೀದಿದ್ರೆ ನಾಳೆ ಅಮಲ್ದಾರ್ರಿಗೆ ಏನ್ ತೋರ್ಸಾದು ಕಣಮ್ಮ? ಒಣಗಿದ ಗುಂಡೀನಾ? ಊರ್ನೋರು ಅದ್ನೇ ಕಾಯ್ತಾವ್ರೆ” ಎಂದ. ಆತ ಹೇಳಿದ್ದು ಸುಳ್ಳಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ. “ಇನ್ನು ತಡ ಬೇಡ, ಇಳಿಯಿರಿ” ಎಂದು ಯಜಮಾನನಿಗೆ ಹೇಳಿದೆ. ಹೇಳಿದವನು ನಾನೇ, ಬೇರೆಯವರ ಮೇಲೆ ಹಾಕಲಾರೆ.

ಯಜಮಾನ ಹಾರೆಯೊಡನೆ ಮೆಟ್ಟಿಲ ಕಡೆ ನಡೆದ. ಆ ಬಾವಿಯ ಮೆಟ್ಟಿಲು ಒಬ್ಬರು ಇಳಿಯುವಷ್ಟೇ ಅಗಲ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಬಾವಿ. ಆತ ಮೊದಲ ಮೆಟ್ಟಿಲು ಮುಟ್ಟುವ ಮೊದಲೇ ಆಕೆ ಮುಂದೆ ಹೋಗಿ, ಮಂಕರಿಯನ್ನು ತಲೆದಿಂಬಿನಂತೆ ಇಟ್ಟುಕೊಂಡು, ಮೆಟ್ಟಿಲ ಬಾಯಿಗೆ ಅಡ್ಡಲಾಗಿ ಮಲಗಿಬಿಟ್ಟಳು.

ನಮ್ಮ ಕಡೆ ಮಲಗಿದವರನ್ನು ಯಾರೂ ದಾಟುವುದಿಲ್ಲ. ಮಗುವನ್ನು ದಾಟಿದರೂ ತಿರುಗಿ ಬಂದು ಮತ್ತೆ ಹಿಂದಕ್ಕೆ ದಾಟುತ್ತಾರೆ. ಹೆಂಡತಿಯನ್ನು ದಾಟಿ ಹೋದ ಗಂಡ ಅವಳ ಆಯುಸ್ಸನ್ನೇ ದಾಟಿದಂತೆ ಎಂದು ಎಣಿಸುತ್ತಾರೆ.

“ಏಳೇ” ಎಂದ ಯಜಮಾನ.

“ದಾಟ್ಕಂಡ್ ಓಗು.”

“ನಾಲ್ಕು ಜನ ನೋಡ್ತಾವ್ರೆ, ಏಳೇ.”

“ನೋಡ್ಲಿ ಬುಡು. ನಾಲ್ಕು ಅಂತಾನೆ ನಾನೂ ಅಂದಿದ್ದು.”

ಯಾರೋ ನಕ್ಕರು. ಹಿರಿಯ ತಲೆ ಕೆರೆದುಕೊಂಡ. “ಲೇ, ಎತ್ತಿ ಪಕ್ಕಕ್ಕೆ ಮಲಗ್ಸೋ” ಎಂದ ಯಾರಿಗೋ. ಆ ಯಾರೋ ಮುಂದೆ ಬರಲಿಲ್ಲ. ಆಗ ಎಲ್ಲರೂ ನನ್ನ ಕಡೆ ನೋಡಿದರು. ಮೂಢನಂಬಿಕೆಗಳನ್ನು ಕುರಿತು ಅದೇ ಕೇರಿಯ ಚಾವಡಿಯಲ್ಲಿ ನಾನು ಒಂದಕ್ಕಿಂತ ಹೆಚ್ಚು ಸಲ ಮಾತಾಡಿದ್ದೆ. ಬೆಕ್ಕು ಅಡ್ಡ ಬಂದರೆ ನಿಲ್ಲಬಾರದು, ಒಂಟಿ ಸೀನಿಗೆ ಕೂರಬಾರದು, ಮಲಗಿದವರನ್ನು ದಾಟಿದರೆ ಆಯುಸ್ಸು ಕಡಿಮೆಯಾಗದು ಎಂದೆಲ್ಲ ಹೇಳಿದ್ದೆ.

ಆಕೆ ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. ಆ ದಿನ ಮೊದಲ ಬಾರಿಗೆ ‘ಸ್ವಾಮಿ’ ಬಿಟ್ಟು ಮಾತಾಡಿದಳು.

“ಮೇಷ್ಟ್ರೇ, ನಿಮ್ಗೆ ಇವೆಲ್ಲಾ ನಂಬ್ಕೆ ಇಲ್ವಲ್ಲ. ನೀವು ದಾಟಿ. ಇಳ್ದು ಕಲ್ಲಿಗೆ ಆರೆ ಆಕಿ. ಐದು ಅಂದೋರು ನೀವೇ ತಾನೇ?”

ನಾನು ಹಾರೆಗಾಗಿ ಕೈ ಚಾಚಿದ್ದು ನಿಜ. ಯಜಮಾನ ಕೊಟ್ಟ. ಅದರ ಭಾರ ಕೈಗೆ ಬಂತು. ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಕೆಳಗೆ ಇನ್ನೂ ತೆಳುವಾದ ಹೊಗೆ ಇತ್ತು; ಗಂಧಕದ ವಾಸನೆ ಮೂಗಿಗೆ ಹತ್ತಿತು. ಕೆಳಗಿನ ಕಲ್ಲುರಾಶಿಯನ್ನು ನೋಡಿದೆ. ಅದರ ಅಡಿಯಲ್ಲಿ ಐದು ಬರಿದಾದ ಕುಳಿಗಳಿವೆಯೆಂದು ನನ್ನ ಪುಟ ಹೇಳುತ್ತಿತ್ತು. ನಾನು ದಾಟಲಿಲ್ಲ.

ಬಹಳ ವರ್ಷ ಈ ಸಂದರ್ಭವನ್ನು ಹೇಳುವಾಗ, ಒಬ್ಬ ಹೆಂಗಸನ್ನು ದಾಟುವುದು ಮರ್ಯಾದೆಯಲ್ಲವೆಂದು ನಾನು ನಿಂತೆ ಎಂದು ಹೇಳಿಕೊಂಡು ಬಂದೆ. ಅದು ಸತ್ಯವಲ್ಲ. ಮೌಢ್ಯದಿಂದಲೂ ನಾನು ನಿಲ್ಲಲಿಲ್ಲ, ಮರ್ಯಾದೆಯಿಂದಲೂ ನಿಲ್ಲಲಿಲ್ಲ. ನನ್ನ ಐದನ್ನು ನಂಬಿ ಇನ್ನೊಬ್ಬನನ್ನು ಕೆಳಗೆ ಕಳಿಸಲು ನಾನು ಸಿದ್ಧನಾಗಿದ್ದೆ. ಅದೇ ಐದನ್ನು ನಂಬಿ ನಾನು ಇಳಿಯಲು ಸಿದ್ಧನಿರಲಿಲ್ಲ. ಹಾರೆಯನ್ನು ಕಲ್ಲುಗುಡ್ಡೆಗೆ ಒರಗಿಸಿದೆ.

“ನಾಳೆ ನೋಡೋಣ” ಎಂದೆ.

“ಅಂಗನ್ನಿ” ಎಂದಳು ಆಕೆ. ಆದರೂ ಏಳಲಿಲ್ಲ. ನನ್ನ ಮಾತು ಎಷ್ಟು ಹೊತ್ತು ನಿಲ್ಲುವುದೋ ಎಂದು ಆಕೆಗೆ ಅನುಮಾನವಿದ್ದಿರಬೇಕು. ಕೇರಿಯವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಹಿರಿಯ ಹೋಗುವಾಗ ನನ್ನ ಮುಖ ನೋಡಲಿಲ್ಲ. ಯಜಮಾನ ಒಂದು ಚೊಂಬು ನೀರು ತಂದು ಹೆಂಡತಿಯ ಪಕ್ಕದಲ್ಲಿ ಕುಳಿತ. ಆ ನೀರೂ ಊರಬಾವಿಯ ಕಟ್ಟೆಯ ಕೆಳಗೆ ನಿಂತು ಬೇಡಿ ತಂದದ್ದು. ಊರೂರಿಗೆ ಬಾವಿ ತೋಡುವ ಈ ಜನ, ತಾವು ತೋಡಿದ ಬಾವಿಗಳಲ್ಲಿ ನೀರು ಬಂದ ಮೇಲೆ ಹಗ್ಗ ಮುಟ್ಟುವಂತಿರಲಿಲ್ಲ.

“ಕಲ್ಲು ಕಾದೈತೆ, ಬೆನ್ನು ಸುಡ್ತೈತೆ, ಏಳೇ” ಎಂದ ಯಜಮಾನ.

“ನಿನ್ ಬೆನ್ನಾ?”

“ಮುದ್ದೆ ಯಾರು ಮಾಡ್ತಾರೆ?”

“ಒಂದ್ ದಿನ ನೀನ್ ಮಾಡು. ಒಂಬತ್ತು ಬೆರಳು ಐತಲ್ಲ.”

ಹೊತ್ತು ಇಳಿಯುವವರೆಗೂ ಆಕೆ ಅಲ್ಲೇ ಇದ್ದಳು. ನಾನು ಸೈಕಲ್ ಹತ್ತಿ ಮಧುಗಿರಿಗೆ ಹೊರಟೆ.

ಬೆಳಗ್ಗೆ ಬೇಗನೆ ಬಂದೆ. ಯಜಮಾನ ಆಗಲೇ ಕೆಳಗಿದ್ದ. ಹಾರೆ ಮುಟ್ಟಿರಲಿಲ್ಲ. ಬರಿಗೈಯಿಂದ ಒಂದೊಂದೇ ಕಲ್ಲನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದ. ಹೆಂಡತಿ ಮೇಲಿನಿಂದ ಕೊಡದಲ್ಲಿ ನೀರು ಇಳಿಸುತ್ತಿದ್ದಳು. ತೇವವಿದ್ದ ಬಿರುಕಿನ ಪಕ್ಕದಲ್ಲೇ, ನಾವು ಹಾರೆ ಹಾಕಬೇಕೆಂದಿದ್ದ ಮೂಲೆಯಲ್ಲೇ, ಆ ಕುಳಿ ಇತ್ತು. ಬತ್ತಿ ಅರ್ಧ ಉರಿದು ಆರಿತ್ತು. ಮೇಲಿನ ಜೇಡಿಮಣ್ಣು ಹಾಗೆಯೇ ಇತ್ತು. ಆತ ಕುಳಿಗೆ ನೀರು ಹೊಯ್ದು, ಕಾದು, ಮತ್ತೆ ಹೊಯ್ದು, ಮರದ ಕಡ್ಡಿಯಿಂದ ಮಣ್ಣನ್ನೂ ಮದ್ದನ್ನೂ ಮೆಲ್ಲಗೆ ತೆಗೆದ. ಆಮೇಲೆ ನನ್ನನ್ನು ಕೆಳಗೆ ಕರೆದ.

ನಾನು ಇಳಿದೆ. ನಾಲ್ಕನೆಯ ಕುಳಿಯನ್ನು ತೋರಿಸಿದ. ಅದರ ಸುತ್ತ ಬಂಡೆ ಒಂದಿಷ್ಟೂ ಅಲುಗಿರಲಿಲ್ಲ. ಬಾಯಿ ಮಾತ್ರ ಒಲೆಯ ಹಾಗೆ ಕಪ್ಪಾಗಿತ್ತು.

“ಇದು ಹಾರೈತೆ ಮೇಷ್ಟ್ರೇ. ಕಲ್ಲು ಬುಟ್ಟು ಮ್ಯಾಕ್ಕೆ ಓಗೈತೆ. ಅದ್ಕೇ ಅಷ್ಟು ಸದ್ದು. ಆ ಸದ್ದು ಓಗಿ ಗುಡ್ಡಕ್ಕೆ ಬಡ್ದು ತಿರುಗಿ ಬಂದೈತೆ. ನೀವು ಗುಡ್ಡಾನೂ ಎಣಿಸ್ಕಂಡ್ರಿ.”

ಮೊದಲ ಮೂರು ಕುಳಿಗಳು ಬಂಡೆಯೊಳಗೇ ಬಿರಿದಿದ್ದವು. ಅವುಗಳ ಸದ್ದು ಬಾವಿಯಿಂದ ಹೊರಗೇ ಬಂದಿರಲಿಲ್ಲ, ಗುಡ್ಡಕ್ಕೆ ತಲುಪಿರಲಿಲ್ಲ. ಹಿಂದಿನ ದಿನಗಳಲ್ಲಿ ನನ್ನ ಲೆಕ್ಕ ಸರಿಬಂದದ್ದೂ ಅದೇ ಕಾರಣಕ್ಕೆ. ಮಧುಗಿರಿಯ ಆ ದೊಡ್ಡ ಬಂಡೆಬೆಟ್ಟದ ಬುಡದಲ್ಲಿ ದಿನವೂ ಶಾಲೆಯ ಗಂಟೆ ಎರಡು ಸಲ ಕೇಳಿಸಿಕೊಳ್ಳುವವನು ನಾನು. ಗುಡ್ಡ ಮಾತು ತಿರುಗಿಸುತ್ತದೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕ ಹಾಕುವಾಗ ನೆನಪಾಗಲಿಲ್ಲ. ಗುಡ್ಡದ ಕೂಗು ಗಾಳಿಯಲ್ಲಿ ಬರುತ್ತದೆ, ಬಂಡೆಯಲ್ಲಿ ಬರುವುದಿಲ್ಲ. ಅದಕ್ಕಾಗಿಯೇ ಆಕೆ ಕಿವಿಯನ್ನು ನಂಬದೆ ಕೈಯನ್ನು ನಂಬುತ್ತಿದ್ದಳು.

ಮೇಲೆ ಬಂದಾಗ ಆಕೆ ನನ್ನ ನೋಟುಬುಕ್ಕು ಕೇಳಿದಳು. ಕೊಟ್ಟೆ. ಯಜಮಾನ ಅಂಗೈಯಲ್ಲಿ ಹಿಡಿದು ತಂದಿದ್ದ ಒದ್ದೆ ಮದ್ದನ್ನು ಒಂದು ಚಿಟಿಕೆ ತೆಗೆದು, ನಾನು ತೋರಿಸಿದ ಪುಟದ ಮೇಲೆ, ಪೆನ್ಸಿಲಿನ ಗೀಟುಗಳ ಪಕ್ಕದಲ್ಲಿ ಇಟ್ಟಳು.

“ಇದೂ ಅಲ್ಲಿರ್ಲಿ” ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಕಲೆ ಹಿಂದಿನ ಎರಡು ಪುಟಗಳಿಗೂ ಇಳಿದಿದೆ.

ಅಮಲ್ದಾರರು ಹತ್ತು ಗಂಟೆಯ ಹೊತ್ತಿಗೆ ಬಂದರು. ಊರಿನ ನಾಲ್ಕು ಜನ ಪ್ರಮುಖರೂ ಜೊತೆಗಿದ್ದರು. ಬಾವಿಯೊಳಗೆ ಇಣುಕಿ, ನೀರು ಎಲ್ಲಿ ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಎಣಿಕೆ ತಪ್ಪಿದ್ದು ನನ್ನಿಂದ, ಜೀವ ಉಳಿದದ್ದು ಆಕೆಯಿಂದ ಎಂದು ಹೇಳಿದೆ. ಊರಿನವರಲ್ಲಿ ಒಬ್ಬರು, “ಮೇಷ್ಟ್ರಿಗೇ ಲೆಕ್ಕ ತಪ್ಪಿತೇ!” ಎಂದು ನಕ್ಕರು. ಅಮಲ್ದಾರರು ತೇವವಿದ್ದ ಬಿರುಕನ್ನು ಸ್ವಲ್ಪ ಹೊತ್ತು ನೋಡಿ, “ಒಂದು ದಿನ ತಡವಾದರೆ ಏನಾಯಿತು? ಸಾವಕಾಶವಾಗಿ ಮಾಡಿ. ತಿಂಗಳು ಬಿಟ್ಟು ಬರುತ್ತೇನೆ” ಎಂದು ಕುದುರೆ ಹತ್ತಿದರು.

ತಿಂಗಳು ಸಮಯವಿತ್ತು. ಯಾರೂ ನನ್ನನ್ನು ಅವಸರಪಡಿಸಿರಲಿಲ್ಲ. ಆ ಮಧ್ಯಾಹ್ನದ ಅವಸರವೆಲ್ಲ ನನ್ನದೇ.

ಪುಸ್ತಿಕೆಯ ನಿಯಮ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಹಾರಿದ ಕಲ್ಲು ಮಂಕರಿಯನ್ನು ತೂತು ಮಾಡಬಲ್ಲದು. ಆದ್ದರಿಂದ ಕೇರಿಯವರೂ ನಾನೂ ಸೇರಿ, ಬಾವಿಯಂಚಿನ ಬರಿಯ ಬಂಡೆಯ ಮೇಲೆ ಎದೆಮಟ್ಟದ ದಪ್ಪ ಕಲ್ಲುಗೋಡೆಯೊಂದನ್ನು ಕಟ್ಟಿ, ಮೇಲೆ ಮರದ ದಿಮ್ಮಿ ಹೊದಿಸಿದೆವು. ಹಿರಿಯನೂ ಬಂದು ಕಲ್ಲು ಹೊತ್ತ. ನನ್ನೊಡನೆ ಮಾತ್ರ ಇನ್ನೂ ಎರಡು ದಿನ ಮಾತಾಡಲಿಲ್ಲ. ಒಳಗೆ ಒಬ್ಬರು ಕೂರಬಹುದಾಗಿತ್ತು. ಮೈ ಮುದುರಿಕೊಂಡರೆ ಇಬ್ಬರು.

ಮುಂದಿನ ಸಲ ಆರು ಕುಳಿ ಇಟ್ಟರು. ಪೀಪಿ ಊದಿ ನಾನೂ ಆ ಗೋಡೆಯ ಹಿಂದೆ ಕುಳಿತೆ. ಆಕೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆ. ನೋಟುಬುಕ್ಕನ್ನು ಸೈಕಲ್ಲಿನ ಹತ್ತಿರ ಬಿಟ್ಟಿದ್ದೆ. ಆಕೆ ಹೇಳಿದ ಹಾಗೆ ಅಂಗೈಯನ್ನು ಬಂಡೆಯ ಮೇಲೆ ಊರಿ, ಕಣ್ಣು ಮುಚ್ಚಿದೆ. ಬಂಡೆ ತಣ್ಣಗಿತ್ತು. ಮೊದಲು ಒಂದು ಸಣ್ಣ ಒದೆತ ಬಂತು, ಹಸುವಿನ ಹೊಟ್ಟೆಯ ಮೇಲೆ ಕೈ ಇಟ್ಟಾಗ ಒಳಗಿನ ಕರು ಒದೆಯುವ ಹಾಗೆ. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಮತ್ತೊಂದು. ಇನ್ನುಳಿದವು ಬಂದವೋ, ಬಂದಂತೆ ನನಗೆ ಅನ್ನಿಸಿತೋ ತಿಳಿಯಲಿಲ್ಲ. ಪಕ್ಕದಲ್ಲಿ ಬೆಣಚುಕಲ್ಲುಗಳು ಬೀಳುವ ಸದ್ದನ್ನು ನಾನು ಬೇಕೆಂದೇ ಎಣಿಸಲಿಲ್ಲ.

ಹೊಗೆ ಇಳಿಯಿತು. ಯಜಮಾನ ಬಂದು ಮೆಟ್ಟಿಲ ಹತ್ತಿರ ನಿಂತು ಕೇಳಿದ. ಆಕೆ ನನ್ನ ಕಡೆ ತಿರುಗಿದಳು.

“ಎಷ್ಟು ಮೇಷ್ಟ್ರೇ?”

“ಮೂರು ಬಂದವು. ಆಮೇಲಿನದು ನನಗೆ ಗೊತ್ತಿಲ್ಲ” ಎಂದೆ.

“ಅಂಗನ್ನಿ ಮತ್ತೆ” ಎಂದು ಬರಿಯ ಎಡಗೈಯನ್ನು ಗಂಡನಿಗೆ ತೋರಿಸಿದಳು. “ಆರೂ ಆದ್ವು. ಇಳಿ.”

ಯಜಮಾನ ಹಾರೆ ಎತ್ತಿಕೊಂಡು ಕೆಳಗೆ ಇಳಿದ.